ಪ್ರಶ್ನೆ ಮೊದಲೋ, ಕಲ್ಪನೆ ಮೊದಲೋ?

ಕಳೆದ ಚಳಿಗಾಲದ ಒಂದು ಭಾನುವಾರ ಸಂಘದ ಹಳೆಯ ಸದಸ್ಯರೊಬ್ಬರ ಮೊಮ್ಮಗಳು ದಪ್ಪನೆಯ ನೋಟುಪುಸ್ತಕವೊಂದನ್ನು ಹಿಡಿದು ನಮ್ಮಲ್ಲಿಗೆ ಬಂದಳು. ದೆಹಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡವನ್ನು ಸೊಗಸಾಗಿ ಮಾತಾಡುತ್ತಾಳೆ, ಓದುವುದು ಮಾತ್ರ ಸ್ವಲ್ಪ ನಿಧಾನ. ವಿನ್ಯಾಸ ಕಲಿಸುವ ಕಾಲೇಜೊಂದರಲ್ಲಿ ಮೂರನೆಯ ವರ್ಷದಲ್ಲಿದ್ದಾಳೆ. ಆ ಸಲ ಅವಳಿಗೆ ಬಂದಿದ್ದ ಕೆಲಸ ಇದು: ಸರೋಜಿನಿ ನಗರದ ಮಾರುಕಟ್ಟೆಯಲ್ಲಿ ಯಾವುದಾದರೊಂದು ತೊಂದರೆಯನ್ನು ಗುರುತಿಸಬೇಕು, ಅದನ್ನು ನೀಗುವ ವಸ್ತುವೊಂದನ್ನು ಆರು ವಾರಗಳಲ್ಲಿ ರೂಪಿಸಿ ತೋರಿಸಬೇಕು. ನೋಟುಪುಸ್ತಕದಲ್ಲಿ ಮೂವತ್ತು ಕಲ್ಪನೆಗಳಿದ್ದವು. ಪ್ರತಿಯೊಂದಕ್ಕೂ ಚೊಕ್ಕಟವಾದ ಚಿತ್ರ, ಚಿತ್ರದ ಪಕ್ಕದಲ್ಲಿ ಅಂಕಗಳ ಕೋಷ್ಟಕ. ನವೀನತೆಗೆ 10, ಸೌಂದರ್ಯಕ್ಕೆ 10, ಕಾರ್ಯಸಾಧ್ಯತೆಗೆ 10, ಮಾರಾಟದ ಸಾಧ್ಯತೆಗೆ 10.

"ಇದರಲ್ಲಿ ಯಾವುದನ್ನ ಆರಿಸಲಿ, ತಾತ?" ಎಂದು ಕೇಳಿದಳು.

ನಾವು ಪುಟ ತಿರುವಿ, ಕನ್ನಡಕ ಒರೆಸಿಕೊಂಡು, ಹದಿನೇಳನೆಯದನ್ನು ತೋರಿಸಿದೆವು. ಅದು ಬೀದಿ ವ್ಯಾಪಾರಿಗಳಿಗಾಗಿ ಮಡಿಸಬಹುದಾದ ಒಂದು ಸ್ಟ್ಯಾಂಡು. ಕೊಡೆಯಂತೆ ಬಿಚ್ಚಿಕೊಂಡು ನಿಲ್ಲುತ್ತದೆ, ನಲವತ್ತು ಕುರ್ತಿಗಳನ್ನು ಸಾಲಾಗಿ ತೂಗುಹಾಕಬಹುದು, ಸಂಜೆ ಮಡಿಸಿ ಹೆಗಲಿಗೇರಿಸಿಕೊಂಡು ಹೋಗಬಹುದು. ಅವಳ ಕೋಷ್ಟಕದಲ್ಲೂ ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಅಂಕ ಬಿದ್ದಿತ್ತು. ಇಬ್ಬರ ತೀರ್ಪೂ ಒಂದೇ ಆದದ್ದರಿಂದ ಚಹ ಕುಡಿದು ಸಂತೋಷವಾಗಿ ಬೇರೆಯಾದೆವು. ಆ ತೀರ್ಪು ತಪ್ಪಾಗಿತ್ತು. ಏಕೆ ತಪ್ಪಾಗಿತ್ತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ವಿಮರ್ಶೆ ಎಂದರೆ ಕಾವ್ಯ ಕಾದಂಬರಿಗಳಿಗೆ ಮೀಸಲಾದದ್ದೆಂದು ನಾವು ತಿಳಿಯುತ್ತೇವೆ. ಆದರೆ ಇಂದು ನಮ್ಮ ಮಕ್ಕಳಲ್ಲಿ ಅನೇಕರು ಕಥೆ ಬರೆಯುವ ಬದಲು ವಸ್ತುಗಳನ್ನು ಬರೆಯುತ್ತಿದ್ದಾರೆ. ಅವರ ಬರಹಕ್ಕೂ ಒಂದು ವಿಮರ್ಶೆ ಬೇಡವೆ?

ಮೊದಲು ಒಂದು ಪರಿಭಾಷೆ. ಈ ಕಾಲೇಜುಗಳಲ್ಲಿ 'ಬ್ರೀಫ್' ಎಂಬ ಮಾತು ಹಗಲಿರುಳೂ ಕೇಳಿಬರುತ್ತದೆ. ಕೋರ್ಟುಕಚೇರಿ ಬಲ್ಲ ಓದುಗರಿಗೆ ವಕೀಲರ ಬ್ರೀಫು ನೆನಪಾದೀತು. ಇದೂ ಅದರ ದಾಯಾದಿಯೇ. ಮಾಡಬೇಕಾದ ಕೆಲಸವೇನು, ಯಾರಿಗಾಗಿ, ಎಷ್ಟು ಖರ್ಚಿನಲ್ಲಿ, ಎಷ್ಟು ದಿನದಲ್ಲಿ ಎಂದು ನಾಲ್ಕು ಮಾತಿನಲ್ಲಿ ಹೇಳುವ ಒಪ್ಪಂದದ ಚೀಟಿ. ಮನೆ ಕಟ್ಟುವಾಗ ಮೇಸ್ತ್ರಿಗೆ ನಾವು ಹೇಳುವ "ಎರಡು ಕೋಣೆ, ಒಂದು ದೇವರ ಗೂಡು, ಬಚ್ಚಲು ಹಿಂದಕ್ಕಿರಲಿ" ಎಂಬುದೂ ಬ್ರೀಫೇ. ಚೀಟಿ ಸಣ್ಣದು. ಆದರೆ ಅದರಲ್ಲಿ ಯಾವ ಪ್ರಶ್ನೆ ಸೇರಿತು, ಯಾವುದು ಬಿಟ್ಟುಹೋಯಿತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಕಲ್ಪನೆಗಳು ಹೊಳೆಯುವುದು ಆಮೇಲಿನ ಮಾತು.

ನಮ್ಮ ದೇಶದಲ್ಲಿ ವಿನ್ಯಾಸ ಶಿಕ್ಷಣ ಆರಂಭವಾದದ್ದೇ ಇಂಥ ಒಂದು ಪ್ರಶ್ನೆಯ ಪಟ್ಟಿಯಿಂದ ಎಂಬುದು ಕುತೂಹಲದ ಸಂಗತಿ. ಭಾರತ ಸರಕಾರದ ಆಹ್ವಾನದ ಮೇಲೆ ಅಮೆರಿಕದ ವಿನ್ಯಾಸಕ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ಇಲ್ಲಿಗೆ ಬಂದು, ದೇಶವನ್ನು ಸುತ್ತಿ ನೋಡಿ, 1958ರ ಏಪ್ರಿಲ್‌ನಲ್ಲಿ ಒಂದು ವರದಿಯನ್ನು ಒಪ್ಪಿಸಿದರು. 'ದಿ ಇಂಡಿಯಾ ರಿಪೋರ್ಟ್' ಎಂದೇ ಅದು ಪ್ರಸಿದ್ಧ. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ದೆಹಲಿಯ ಹೌಜ್ ಖಾಸ್‌ನಲ್ಲಿರುವ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಬಂದದ್ದು ಬಹಳ ತಡವಾಗಿ, 1986ರಲ್ಲಿ.

ಆ ವರದಿ ದೊಡ್ಡ ಗ್ರಂಥವೇನಲ್ಲ. ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ವಿನ್ಯಾಸದ ವಿದ್ಯಾರ್ಥಿಗಳೆಲ್ಲ ಅದರಲ್ಲಿ ನೆನಪಿಟ್ಟುಕೊಳ್ಳುವ ಭಾಗ ಒಂದೇ: ತಂಬಿಗೆಯ ಭಾಗ. ಭಾರತದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ತಂಬಿಗೆಯೇ ಶ್ರೇಷ್ಠವೆಂದು ಈಮ್ಸ್ ದಂಪತಿಗಳು ಬರೆದರು. ಅಷ್ಟಕ್ಕೇ ನಿಲ್ಲದೆ, ಇಂಥದ್ದನ್ನು ಹೊಸದಾಗಿ ರೂಪಿಸಬೇಕಾದರೆ ಏನೇನು ಕೇಳಿಕೊಳ್ಳಬೇಕಾದೀತೆಂದು ಉದ್ದನೆಯ ಪಟ್ಟಿ ಕೊಟ್ಟರು. ಎಷ್ಟು ನೀರು ಹಿಡಿಯಬೇಕು. ಹೊರುವುದು ತಲೆಯ ಮೇಲೋ, ಸೊಂಟದ ಮೇಲೋ, ಕೈಯಲ್ಲೋ. ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಬರಿದಾದಾಗ ಎಲ್ಲಿ. ಬಗ್ಗಿಸಿದರೆ ಧಾರೆ ಹೇಗೆ ಬೀಳುತ್ತದೆ. ಒಳಗೆ ಕೈಹಾಕಿ ತೊಳೆಯಬಹುದೆ. ಲೋಹಕ್ಕೆಷ್ಟು ಬೆಲೆ, ಹಳತಾದ ಮೇಲೆ ಎಷ್ಟು ಬಂದೀತು. ಒಬ್ಬರಿಗೆ ಉಡುಗೊರೆಯಾಗಿ ಕೊಟ್ಟರೆ ಮನಸ್ಸಿಗೆ ಹೇಗನ್ನಿಸುತ್ತದೆ. ಹೀಗೆ ಸಾಗುತ್ತದೆ ಆ ಪಟ್ಟಿ. ಹಿತ್ತಲ ಬಾವಿಯಿಂದ ದೇವರ ಮನೆಯವರೆಗೆ ದಿನವೂ ತಂಬಿಗೆ ಹಿಡಿದವರಿಗೆ ಈ ಪ್ರಶ್ನೆಗಳು ಎಂದೂ ಹೊಳೆದಿರಲಿಲ್ಲ. ಹೊರಗಿನಿಂದ ಬಂದವರ ಕಣ್ಣಿಗೆ ಹೊಳೆದವು.

ಈ ಪಟ್ಟಿಯ ಹಿರಿಮೆ ಎಲ್ಲಿದೆ? ಅದರಲ್ಲಿ ಒಂದೇ ಒಂದು ಕಲ್ಪನೆಯೂ ಇಲ್ಲ, ಇರುವುದೆಲ್ಲ ಪ್ರಶ್ನೆಗಳು. ನಮ್ಮ ವಿದ್ಯಾರ್ಥಿನಿಯ ಪುಸ್ತಕದಲ್ಲಿ ಮೂವತ್ತು ಕಲ್ಪನೆಗಳಿದ್ದವು, ಪ್ರಶ್ನೆ ಒಂದೂ ಇರಲಿಲ್ಲ. ಈ ವ್ಯತ್ಯಾಸವನ್ನು ಗಮನಿಸಬೇಕು.

ಆದರೆ ವರದಿಯನ್ನು ಹೊಗಳಿ ಕೈಮುಗಿದರೆ ವಿಮರ್ಶೆಯಾಗುವುದಿಲ್ಲ. ಅದರಲ್ಲಿ ಎರಡು ಕೊರತೆಗಳು ನಮಗೆ ಕಾಣುತ್ತವೆ. ಮೊದಲನೆಯದು ಕಾಲದ್ದು. ತಂಬಿಗೆಯನ್ನು ಯಾರೋ ಒಬ್ಬರು ರೂಪಿಸಲಿಲ್ಲ, ತಲೆತಲಾಂತರದಿಂದ ಹಲವರ ಕೈ ಸೇರಿ ಅದು ಆಯಿತು ಎಂದು ವರದಿಯೇ ಒಪ್ಪುತ್ತದೆ. ಎಂದರೆ ತಂಬಿಗೆಯ ಮೌಲ್ಯಮಾಪನ ನಡೆದದ್ದು ಕಾಗದದ ಮೇಲಲ್ಲ. ಕಂಠ ಇಕ್ಕಟ್ಟಾದ ತಂಬಿಗೆಯನ್ನು ಮಗ್ಗುಲಿಗಿಟ್ಟ ಹೆಂಗಸು, ತಳ ತೆಳುವಾದದ್ದನ್ನು ಮರಳಿಸಿದ ಗಿರಾಕಿ, ಬಿಸಿಗೆ ಸೀಳಿದ್ದನ್ನು ಕರಗಿಸಿ ಮತ್ತೆ ಬಡಿದ ಕಂಚುಗಾರ: ಇವರೆಲ್ಲರ ತಿರಸ್ಕಾರದಿಂದ ಉಳಿದುಬಂದದ್ದು ಇಂದಿನ ತಂಬಿಗೆ. ಆರು ವಾರದ ವಿದ್ಯಾರ್ಥಿಗೆ ತಲೆಮಾರುಗಳ ತಿರಸ್ಕಾರವನ್ನು ಎಲ್ಲಿಂದ ತರುವುದು? ವರದಿ ಇದಕ್ಕೆ ದಾರಿ ತೋರಿಸುವುದಿಲ್ಲ.

ಎರಡನೆಯ ಕೊರತೆ ಇನ್ನೂ ಸೂಕ್ಷ್ಮವಾದದ್ದು. ವರದಿಯ ಆರಂಭದಲ್ಲಿ ಗೀತೆಯ ಮಾತಿದೆ. ಕೆಲಸದಲ್ಲಿ ಮನಸ್ಸಿಡು, ಫಲದಲ್ಲಲ್ಲ ಎಂಬ ಪ್ರಸಿದ್ಧ ಉಪದೇಶ. ಉಪದೇಶ ದೊಡ್ಡದೇ. ಆದರೆ ಫಲವನ್ನು ಬಯಸಬೇಡ ಎಂದು ಹೇಳಿದ್ದು ಮಾಡುವವನಿಗೆ. ಆ ಫಲವನ್ನು ಉಣ್ಣಬೇಕಾದವನಿಗಲ್ಲ. ವಿನ್ಯಾಸಕ ಮಾಡಿದ ಮರದ ಹಣ್ಣು ಬೀಳುವುದು ಬೇರೆಯವರ ಅಂಗಳದಲ್ಲಿ. ಹುಳಿಯಾದರೆ ಹುಳಿ ತಿನ್ನುವವರು ಅವರೇ. ಈ ಕಲ್ಪನೆ ಸೋತರೆ ನಷ್ಟ ಯಾರಿಗೆ ಎಂಬ ಪ್ರಶ್ನೆ ತಂಬಿಗೆಯ ಪಟ್ಟಿಯಲ್ಲಿ ಇಲ್ಲ.

ಈ ಪ್ರಶ್ನೆಯನ್ನು ಕೇಳಿದವರು ನಮ್ಮವರಲ್ಲೇ ಇದ್ದರು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿ, ಬಾಳಿನ ಬಹುಭಾಗವನ್ನು ಈ ದೆಹಲಿಯಲ್ಲಿ ಸವೆಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತರು. ದೇಶ ವಿಭಜನೆಯಾದಾಗ ನಿರಾಶ್ರಿತರ ಸಹಕಾರಿ ಸಂಘಗಳನ್ನು ಕಟ್ಟಿ ಫರೀದಾಬಾದಿನಲ್ಲಿ ದುಡಿದವರು ಅವರು. ಅವರ ಮಾತಿನಲ್ಲೂ ಕೆಲಸದಲ್ಲೂ ವಸ್ತು ಎಂದೂ ಒಂಟಿಯಾಗಿ ಬರುವುದಿಲ್ಲ. ಅದರ ಹಿಂದೆ ಮಾಡುವ ಕೈ, ಆ ಕೈಗೆ ಸಿಗುವ ಕೂಲಿ, ಮಾರಾಟಕ್ಕೆ ಒಂದು ಅಂಗಡಿ, ಇಷ್ಟೂ ಬರುತ್ತವೆ. ಚನ್ನಪಟ್ಟಣದ ಬೊಂಬೆಯನ್ನೋ ಬೀದರಿನ ಬಿದ್ರಿಯನ್ನೋ ಕಂಡು "ಎಷ್ಟು ಚೆಂದ" ಎನ್ನುವುದು ಸುಲಭ. ಮಾಡಿದವನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ಕೇಳುವುದು ಇನ್ನೊಂದು ಬಗೆಯ ವಿಮರ್ಶೆ. ವಿನ್ಯಾಸದ ವಿದ್ಯಾರ್ಥಿ ಈಮ್ಸರ ಪಟ್ಟಿಯ ಪಕ್ಕದಲ್ಲಿ ಕಮಲಾದೇವಿಯವರ ಈ ನೋಟವನ್ನೂ ಇಟ್ಟುಕೊಳ್ಳಬೇಕೆಂದು ನಮ್ಮ ಅಭಿಪ್ರಾಯ.

ಇನ್ನು ಸರೋಜಿನಿ ನಗರಕ್ಕೆ ಬರೋಣ. ಸಂಘದ ಹಿರಿಯರಿಗೆ ಆ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಹಿಂದೆ ಅದು ವಿನಯ ನಗರ. ಸಚಿವಾಲಯಗಳಲ್ಲಿ ಕೆಲಸಕ್ಕೆ ಸೇರಿ, ಹೋಲ್ಡಾಲು ಟ್ರಂಕುಗಳೊಡನೆ ಬಂದಿಳಿದ ಎಷ್ಟೋ ಕನ್ನಡ ಸಂಸಾರಗಳು ಅಲ್ಲಿನ ಎರಡು ಕೋಣೆಯ ಕ್ವಾರ್ಟರುಗಳಲ್ಲಿ ಒಲೆ ಹೂಡಿದವು. ಅಂಗಳದ ಬೇವಿನ ಮರದಡಿ ಚಳಿಗಾಲದ ಬಿಸಿಲಿಗೆ ಹಪ್ಪಳ ಒಣಗಿಸಿದವು. ಮಾರುಕಟ್ಟೆ ಅಂದೂ ಇತ್ತು. ಈಗಿನ ಖ್ಯಾತಿ ಮಾತ್ರ ಬೇರೆ. ಇಂದು ದೇಶದ ನಾನಾ ಮೂಲೆಗಳ ಹೆಣ್ಣುಮಕ್ಕಳು ಸರೋಜಿನಿ ಎಂದರೆ ಅಗ್ಗದ ಬಟ್ಟೆ ಎಂದು ಬಲ್ಲರು. 2018ರ ಆಗಸ್ಟ್ 6ರಂದು ಮೆಟ್ರೋದ ಗುಲಾಬಿ ಮಾರ್ಗ ಅಲ್ಲಿಗೆ ಬಂದ ಮೇಲೆ ಜನಸಂದಣಿ ಇನ್ನಷ್ಟು ಹೆಚ್ಚಿದೆ.

ಈ ಮಾರುಕಟ್ಟೆಯೇ ಮೌಲ್ಯಮಾಪನದ ಒಂದು ದೊಡ್ಡ ಪಾಠಶಾಲೆ ಎಂದರೆ ಓದುಗರು ನಗಬಾರದು. ಅಲ್ಲಿ ಮಾರುವ ಸರಕಿನಲ್ಲಿ ಬಹಳಷ್ಟು ಪರದೇಶಕ್ಕೆ ಹೋಗಬೇಕಾಗಿದ್ದು ಹೋಗದೆ ಉಳಿದದ್ದು. ಹೊರದೇಶದ ಕಂಪೆನಿ ಸಾವಿರ ಅಂಗಿ ಕೇಳುತ್ತದೆ. ಕಾರ್ಖಾನೆ ಕೆಡುವ ಲೆಕ್ಕವನ್ನು ಹಿಡಿದು ಸ್ವಲ್ಪ ಹೆಚ್ಚಾಗಿಯೇ ಹೊಲಿಯುತ್ತದೆ. ಬಣ್ಣ ಒಂದು ಛಾಯೆ ಹೆಚ್ಚಾದದ್ದು, ಗುಂಡಿ ಒಂದು ನೂಲು ಪಕ್ಕಕ್ಕೆ ಸರಿದದ್ದು, ಕೊನೆಗಳಿಗೆಯಲ್ಲಿ ಆರ್ಡರು ರದ್ದಾದದ್ದು, ಎಲ್ಲ ಉಳಿಯುತ್ತವೆ. ಕತ್ತಿನ ಲೇಬಲನ್ನು ಕತ್ತರಿಸಿ ಅವನ್ನು ಇಲ್ಲಿ ರಾಶಿ ಹಾಕುತ್ತಾರೆ. ಒಬ್ಬ ನ್ಯಾಯಾಧೀಶ ತಿರಸ್ಕರಿಸಿದ ಅಂಗಿಯನ್ನು ಇನ್ನೊಬ್ಬ ನ್ಯಾಯಾಧೀಶೆ, ಎಂದರೆ ಕಾಲೇಜಿಗೆ ಹೋಗುವ ಹುಡುಗಿ, ನೂರು ರೂಪಾಯಿಗೆ ಕೇಳಿ ಗೆದ್ದೆನೆಂದು ಹೊರಡುತ್ತಾಳೆ. ಅಂಗಿ ಅದೇ, ಬ್ರೀಫು ಬದಲಾಯಿತು. ಒಳ್ಳೆಯದು ಕೆಟ್ಟದ್ದು ಎಂಬುದು ವಸ್ತುವಿನೊಳಗೇ ಕುಳಿತಿರುವುದಿಲ್ಲ. ಯಾರು, ಯಾವುದಕ್ಕಾಗಿ ಕೇಳುತ್ತಾರೆ ಎಂಬುದರಲ್ಲಿ ಇರುತ್ತದೆ. ಇದನ್ನು ತರಗತಿಯಲ್ಲಿ ಹೇಳಿದರೆ ತತ್ತ್ವ, ಸರೋಜಿನಿ ನಗರದಲ್ಲಿ ಅದು ದಿನದ ವ್ಯಾಪಾರ.

ಹುಡುಗಿ ಹದಿನೇಳನೆಯ ಕಲ್ಪನೆಯ ಮಾದರಿಯನ್ನು ಬಿದಿರು ಮತ್ತು ಹಗ್ಗದಿಂದ ಮಾಡಿಕೊಂಡು ಪಟರಿಯ ಮೇಲೆ ಕುರ್ತಿ ಮಾರುವ ವ್ಯಾಪಾರಿಯೊಬ್ಬನ ಬಳಿಗೆ ಹೋದಳು. ಆತ ಬಿಚ್ಚಿ ನೋಡಿ, ಚೆನ್ನಾಗಿದೆ ಎಂದು ಹೊಗಳಿ, ಮಡಿಸಿ ಮರಳಿ ಕೊಟ್ಟನಂತೆ. ಏಕೆಂದು ಇವಳಿಗೆ ಅರ್ಥವಾಗಲಿಲ್ಲ. ಅಲ್ಲೇ ಪಕ್ಕದಲ್ಲಿ ಕುಳಿತಳು. ಮಧ್ಯಾಹ್ನ ಎರಡರ ಹೊತ್ತಿಗೆ ಬೀದಿಯ ಆ ತುದಿಯಿಂದ "ಕಮೇಟಿ ಬಂತು" ಎಂಬ ಕೂಗು ಎದ್ದಿತು. ಪಟರಿಯ ವ್ಯಾಪಾರವನ್ನು ಎತ್ತಿಸುವ ಲಾರಿ ಬಂದಾಗ ದೆಹಲಿಯ ಬೀದಿ ವ್ಯಾಪಾರಿಗಳು ಕೂಗುವುದೇ ಹಾಗೆ. ಕುರ್ತಿ ಹರಡಿದ್ದು ಒಂದು ಹಳೆಯ ಚಾದರದ ಮೇಲೆ. ಆತ ಚಾದರದ ನಾಲ್ಕು ಮೂಲೆಗಳನ್ನು ಹಿಡಿದೆತ್ತಿ, ಒಂದು ಗಂಟು ಹಾಕಿ, ಗಂಟನ್ನು ಬೆನ್ನಿಗೆಸೆದುಕೊಂಡು ಗಲ್ಲಿಯೊಳಗೆ ಮಾಯವಾದ. ಹುಡುಗಿ ತನ್ನ ಸ್ಟ್ಯಾಂಡಿನ ಮೊದಲ ಕಾಲನ್ನು ಮಡಿಸುವುದರೊಳಗೆ ಬೀದಿ ಬರಿದಾಗಿತ್ತು.

ಆ ದಿನ ಸಂಜೆ ಅವಳು ದೂರವಾಣಿಯಲ್ಲಿ ಹೇಳಿದ ಮಾತು ನಮ್ಮ ಕಿವಿಯಲ್ಲಿ ಇನ್ನೂ ಇದೆ: "ತಾತ, ಅವರ ಹತ್ತಿರ ಸ್ಟ್ಯಾಂಡು ಆಗಲೇ ಇತ್ತು. ನನಗೇ ಕಾಣಿಸಲಿಲ್ಲ."

ಅಂಗಡಿಯ ನೆಲ, ಉಗ್ರಾಣ, ಗಾಡಿ, ಮಳೆ ಬಂದರೆ ಹೊದಿಕೆ, ಎಲ್ಲವೂ ಆದ ಆ ಚಾದರವೇ ಸರೋಜಿನಿ ನಗರದ ತಂಬಿಗೆ. ಅದನ್ನೂ ಯಾರೋ ಒಬ್ಬರು ರೂಪಿಸಲಿಲ್ಲ; ಎಷ್ಟೋ ಓಟಗಳು ಅದನ್ನು ರೂಪಿಸಿವೆ. ಬೀದಿ ವ್ಯಾಪಾರಿಗಳ ಜೀವನೋಪಾಯದ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಕಾನೂನು ಮಾಡಿತು. ಆದರೂ ಅವರು ಸರಕಿನ ಗಂಟನ್ನು ಬಿಟ್ಟಿಲ್ಲ. ಅವಳ ಕೋಷ್ಟಕಕ್ಕೆ ಇದೆಲ್ಲ ಸಿಕ್ಕಿರಲಿಲ್ಲ. ನವೀನತೆಗೆ ಒಂಬತ್ತು ಅಂಕ ಪಡೆದ ಸ್ಟ್ಯಾಂಡನ್ನು ನಂಬಿ ಆತ ಕುಳಿತಿದ್ದರೆ ಆ ದಿನ ಸರಕೆಲ್ಲ ಹೋಗುತ್ತಿತ್ತು. ಅವಳಿಗೆ ಹೋಗುತ್ತಿದ್ದುದು ಹೆಚ್ಚೆಂದರೆ ನಾಲ್ಕು ಅಂಕ. ಆ ಕಲ್ಪನೆಯನ್ನೇ ಬೆರಳಿಟ್ಟು ತೋರಿಸಿದ ನಮಗೆ ಏನೂ ಹೋಗುತ್ತಿರಲಿಲ್ಲ. ವಿಮರ್ಶಕನ ಈ ನಿಶ್ಚಿಂತೆಯ ಬಗ್ಗೆ ನಮಗೆ ಅಂದಿನಿಂದ ಸ್ವಲ್ಪ ನಾಚಿಕೆಯಾಗಿದೆ.

ಇಂಥ ತಪ್ಪು ವಿದ್ಯಾರ್ಥಿಗಳದು ಮಾತ್ರವೆಂದು ತಿಳಿಯಬೇಕಾಗಿಲ್ಲ. ದಕ್ಷಿಣ ಆಫ್ರಿಕದಲ್ಲಿ 'ಪ್ಲೇಪಂಪ್' ಎಂಬ ಸಾಧನ ಹುಟ್ಟಿತು. ಮಕ್ಕಳು ಕುಳಿತು ಸುತ್ತುವ ಗಿರಗಟ್ಟೆಯೇ ನೆಲದಿಂದ ನೀರೆತ್ತುತ್ತದೆ. ಆಟಕ್ಕೆ ಆಟ, ನೀರಿಗೆ ನೀರು. ಕೇಳಿದವರೆಲ್ಲ ತಲೆದೂಗಿದರು. 2006ರಲ್ಲಿ ಅಮೆರಿಕದಲ್ಲಿ ಅದಕ್ಕೆ 1 ಕೋಟಿ 64 ಲಕ್ಷ ಡಾಲರುಗಳ ನೆರವು ಘೋಷಣೆಯಾಯಿತು. ಆದರೆ ಊರಿಗೆ ಬೇಕಾದಷ್ಟು ನೀರು ಬರುವವರೆಗೆ ಮಕ್ಕಳು ಆಡುತ್ತಲೇ ಇರಲಾರರಷ್ಟೆ. ಮಕ್ಕಳಿಲ್ಲದ ಹೊತ್ತಿನಲ್ಲಿ ಹೆಂಗಸರು, ಮುದುಕಿಯರು ಬಗ್ಗಿ ಆ ಚಕ್ರವನ್ನು ತಳ್ಳಬೇಕಾಯಿತು. ಕೆಟ್ಟರೆ ದುರಸ್ತಿಯೂ ಸುಲಭವಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಉತ್ಸಾಹ ಇಳಿಯಿತು.

ಇದರ ಪಕ್ಕದಲ್ಲಿ ನಮ್ಮ ಹಳ್ಳಿಗಳ ಬೋರ್‌ವೆಲ್ಲಿನ ಕೈಪಂಪನ್ನು ಇಟ್ಟು ನೋಡಿ. ಹಿಂದೆ ಹಾಕುತ್ತಿದ್ದ ಎರಕದ ಕಬ್ಬಿಣದ ಪಂಪುಗಳು ಪರದೇಶದಲ್ಲಿ ಒಂದು ಸಂಸಾರದ ಬಳಕೆಗೆಂದು ಮಾಡಿದವುಗಳ ನಕಲು. ಇಲ್ಲಿ ಇಡೀ ಊರೇ ಬೆಳಗಿನಿಂದ ಸಂಜೆಯವರೆಗೆ ಹೊಡೆದರೆ ಅವು ತಡೆದಾವೆ? ಸೋಲಾಪುರದ ಕಡೆ ಬಳಕೆಯಲ್ಲಿದ್ದ ಗಟ್ಟಿ ಪಂಪೊಂದನ್ನು ಆಧಾರವಾಗಿಟ್ಟುಕೊಂಡು, 1970ರ ದಶಕದಲ್ಲಿ ಯುನಿಸೆಫ್‌ನ ನೆರವಿನಿಂದ ತಿದ್ದಿ, ಊರುಗಳಲ್ಲಿ ಹಾಕಿ, ಕೆಡುವುದನ್ನು ನೋಡಿ, ಮತ್ತೆ ತಿದ್ದಿ 'ಇಂಡಿಯಾ ಮಾರ್ಕ್ 2' ಪಂಪನ್ನು ಮಾಡಿದರು. ನೋಡಲು ಏನೂ ಚೆಂದವಿಲ್ಲ. ಆ ಉದ್ದನೆಯ ಹಿಡಿಯನ್ನು ಯಾರೂ ಪ್ರದರ್ಶನದಲ್ಲಿ ಇಡಲಾರರು. ಸಾಧಾರಣ ವರ್ಕ್‌ಷಾಪಿನಲ್ಲಿ ಮಾಡಬಹುದಾದ ಅದು ಹೊರದೇಶಗಳಿಗೂ ಹೋಯಿತು. ಮೊದಲನೆಯದು ಕಲ್ಪನೆಯಿಂದ ಹೊರಟು ಪ್ರಶ್ನೆಯನ್ನು ಮರೆಯಿತು, ಎರಡನೆಯದು "ಏಕೆ ಕೆಡುತ್ತದೆ?" ಎಂಬ ಪ್ರಶ್ನೆಯಿಂದಲೇ ಹೊರಟಿತು.

ದೂರದ ಮಾತೇಕೆ, ಸರೋಜಿನಿ ನಗರದ ವಸತಿಯನ್ನೇ ನೋಡೋಣ. 2016ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟ ದೆಹಲಿಯ ಏಳು ಸರಕಾರಿ ವಸತಿಗಳನ್ನು ಕೆಡವಿ ಹೊಸದಾಗಿ ಕಟ್ಟಲು ಒಪ್ಪಿಗೆ ಕೊಟ್ಟಿತು. ಸರೋಜಿನಿ ನಗರ ಅವುಗಳಲ್ಲೊಂದು. 12,970 ಹಳೆಯ ಮನೆಗಳ ಜಾಗದಲ್ಲಿ ಸುಮಾರು 25,667 ಮನೆಗಳು ಏಳಬೇಕೆಂದು ಯೋಜನೆ. ಮನೆಗೆ ಕಾದು ಕುಳಿತ ನೌಕರರಿಗೆ ಮನೆ ಬೇಕು, ಹಳೆಯ ಗೋಡೆಗಳು ಶಿಥಿಲವಾಗಿದ್ದವು. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ 2018ರ ಜೂನ್ ತಿಂಗಳಲ್ಲಿ, ಏಳು ವಸತಿಗಳಲ್ಲಿ ಸೇರಿ ಸುಮಾರು 16,500 ಮರಗಳು ಬೀಳಲಿವೆ ಎಂಬ ಸುದ್ದಿ ಹರಡಿದಾಗ ಜನ ಬೀದಿಗೆ ಬಂದು ಮರಗಳನ್ನು ತಬ್ಬಿ ನಿಂತರು. ದೆಹಲಿ ಹೈಕೋರ್ಟು ಕಡಿಯುವುದಕ್ಕೆ ತಡೆ ಹಾಕಿತು. ನಕ್ಷೆಗಳನ್ನು ಮತ್ತೆ ನೋಡುವ ಮಾತು ಬಂತು.

ನಾವಿಲ್ಲಿ ಯಾರ ಪಕ್ಷವನ್ನೂ ವಹಿಸಹೊರಟಿಲ್ಲ. ವಿನ್ಯಾಸದ ವಿದ್ಯಾರ್ಥಿ ಕಲಿಯಬೇಕಾದ ಪಾಠವನ್ನಷ್ಟೇ ಹೇಳುತ್ತೇವೆ. ಮನೆಗಳ ಲೆಕ್ಕ ಚೀಟಿಯ ತಲೆಯಲ್ಲೇ ಕುಳಿತಿತ್ತು. ನೆರಳನ್ನು ಲೆಕ್ಕ ಹಾಕುವವರು ಯಾರು? ಜೂನಿನ ಬಿಸಿಲಿನಲ್ಲಿ ಬಸ್ಸಿಗೆ ಕಾಯುವ ಗುಮಾಸ್ತ, ನೇರಳೆ ಮರದಡಿ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡು ಬದುಕುವ ಸಂಸಾರ, ಇವರ ಪ್ರಶ್ನೆಗೆ ಕೋಷ್ಟಕದಲ್ಲಿ ಗಟ್ಟಿಯಾದ ಜಾಗ ಬೇಕು. ಚೀಟಿಯಲ್ಲಿ ಜಾಗ ಸಿಗದ ಪ್ರಶ್ನೆ ಸತ್ತುಹೋಗುವುದಿಲ್ಲ. ತಡವಾಗಿ, ದುಬಾರಿಯಾಗಿ, ಕೆಲವು ಸಲ ಕೋರ್ಟಿನ ಮೆಟ್ಟಿಲ ಮೇಲೆ ಮತ್ತೆ ಎದ್ದುನಿಲ್ಲುತ್ತದೆ.

ಕೆಲವು ಪ್ರಶ್ನೆಗಳಿಗಂತೂ ತಡವಾಗಿ ಏಳುವ ಅವಕಾಶವೂ ಇರಬಾರದು. 2005ರ ಅಕ್ಟೋಬರ್ 29ರಂದು, ದೀಪಾವಳಿಯ ಹೊಸ್ತಿಲಲ್ಲಿ, ದೆಹಲಿಯ ಮೂರು ಕಡೆ ಬಾಂಬು ಸಿಡಿದು 60ಕ್ಕೂ ಹೆಚ್ಚು ಜನ ಸತ್ತರು. ಅತಿ ಹೆಚ್ಚು ಸಾವಾದದ್ದು ಸರೋಜಿನಿ ನಗರದ ಮಾರುಕಟ್ಟೆಯಲ್ಲಿ. ಆ ಇಕ್ಕಟ್ಟಿನ ದಾರಿಗೆ ಯಾವ ಹೊಸ ವಸ್ತುವನ್ನು ತಂದಿಡುವವರೂ, ಅದು ಸ್ಟ್ಯಾಂಡಾಗಲಿ, ಬೆಂಚಾಗಲಿ, ಚಪ್ಪರವಾಗಲಿ, ಜನ ಓಡಬೇಕಾಗಿ ಬಂದರೆ ಇದು ಅಡ್ಡ ಬರುತ್ತದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಹದಿನೇಳನೆಯ ಕಲ್ಪನೆ ಈ ಪರೀಕ್ಷೆಯಲ್ಲೂ ಬೀಳುತ್ತಿತ್ತು. ನಮಗೂ ಆ ದಿನ ಇದು ಹೊಳೆದಿರಲಿಲ್ಲ.

ಮುಂದೆ ಆದದ್ದನ್ನು ಹೇಳಿ ಮುಗಿಸುತ್ತೇವೆ. ಮೂರು ವಾರ ಉಳಿದಿತ್ತು. ಹುಡುಗಿ ಮೂವತ್ತು ಪುಟಗಳನ್ನೂ ಕಟ್ಟಿಟ್ಟು, ಕೈಯಲ್ಲಿ ಪೆನ್ಸಿಲನ್ನೂ ಹಿಡಿಯದೆ ನಾಲ್ಕು ದಿನ ಆ ವ್ಯಾಪಾರಿಯ ಪಕ್ಕದಲ್ಲೇ ಕುಳಿತಳು. ಅವಳ ಕಣ್ಣಿಗೆ ಬಿದ್ದದ್ದು ಒಂದು ಸಣ್ಣ ಸಂಗತಿ. ಪಟರಿಯ ಮೇಲೆ ಬಟ್ಟೆ ತೊಟ್ಟುನೋಡುವ ಕೋಣೆ ಇಲ್ಲ. ಹೆಂಗಸರು ಕುರ್ತಿಯನ್ನು ಉಟ್ಟ ಬಟ್ಟೆಯ ಮೇಲೇ ಹಿಡಿದು, ಗೆಳತಿಯನ್ನು ಕೇಳಿ, ಅನುಮಾನದಿಂದಲೇ ಕೊಳ್ಳುತ್ತಾರೆ. ಒಮ್ಮೆ ಕೊಂಡದ್ದನ್ನು ವಾಪಸು ಪಡೆಯುವ ಪದ್ಧತಿ ಅಲ್ಲಿಲ್ಲ. ಅವಳು ಚಾದರವನ್ನು ಬದಲಾಯಿಸಲಿಲ್ಲ. ಅದರ ಒಂದು ಅಂಚಿನುದ್ದಕ್ಕೂ ದರ್ಜಿಯ ಟೇಪಿನಂತೆ ಇಂಚುಗಳ ಗುರುತು ಅಚ್ಚೊತ್ತಿಸಿದಳು. ಕುರ್ತಿಯನ್ನು ಅಂಚಿನ ಮೇಲಿಟ್ಟರೆ ಎದೆಯ ಅಗಲ, ಉದ್ದ ತಿಳಿಯುತ್ತದೆ. ಖರ್ಚು ಅತ್ಯಲ್ಪ. ಗಂಟು ಕಟ್ಟುವುದಕ್ಕೆ ಅಡ್ಡಿಯಿಲ್ಲ.

ಕಲ್ಪನೆ ಸೊಗಸಾಗಿದೆ ಎಂದು ನಾವು ಮತ್ತೆ ಹೇಳಿದೆವು. ಈ ಸಲವೂ ಮಾರುಕಟ್ಟೆ ನಮಗಿಂತ ಜಾಣವಾಗಿತ್ತು. ಹತ್ತು ದಿನದ ಮೇಲೆ ಹೋಗಿ ನೋಡಿದರೆ ವ್ಯಾಪಾರಿ ಚಾದರವನ್ನು ತಿರುಗಿಸಿ ಹಾಸಿ, ಗುರುತಿದ್ದ ಅಂಚನ್ನು ಕೆಳಗೆ ಮಡಿಸಿದ್ದ. ಕಾರಣ ಕೇಳಿದ್ದಕ್ಕೆ ಸಂಕೋಚದಿಂದ ಹೇಳಿದನಂತೆ: ಅಳೆದು ನೋಡಿದವರಲ್ಲಿ ಅನೇಕರು ಕೊಳ್ಳದೆಯೇ ಎದ್ದು ಹೋಗುತ್ತಾರೆ, ಅನುಮಾನವಿದ್ದರೇ ವ್ಯಾಪಾರ. ಆಗ ಅವಳಿಗೆ ತನ್ನ ಬ್ರೀಫಿನೊಳಗೆ ಒಬ್ಬರಲ್ಲ, ಇಬ್ಬರು ಕುಳಿತಿದ್ದಾರೆಂದು ಗೊತ್ತಾಯಿತು. ಕೊಳ್ಳುವವಳ ಹಿತ ಒಂದು, ಮಾರುವವನ ಹಿತ ಇನ್ನೊಂದು. 'ಮಾರುಕಟ್ಟೆಯ ತೊಂದರೆ' ಎಂದು ಒಂದೇ ಮಾತಿನಲ್ಲಿ ಬರೆದ ಚೀಟಿ ಈ ಜಗಳವನ್ನು ಮುಚ್ಚಿಟ್ಟಿತ್ತು.

ಅವಳು ಇದನ್ನು ಮುಚ್ಚಿಡಲಿಲ್ಲ. ಮಡಿಸಿದ ಅಂಚಿನ ಚಿತ್ರವನ್ನೇ ಪ್ರಬಂಧದ ಕೊನೆಯ ಪುಟದಲ್ಲಿ ಹಾಕಿ, ಆತ ಹೇಳಿದ್ದನ್ನು ಹೇಳಿದಂತೆಯೇ ಬರೆದಳು. ಪರೀಕ್ಷಕರು ನವೀನತೆಗೆ ಕಡಿಮೆ ಅಂಕ ಕೊಟ್ಟರು. ಒಟ್ಟಿನಲ್ಲಿ ನಡುವಿನ ದರ್ಜೆ ಬಂತು. ಸ್ಟ್ಯಾಂಡನ್ನೇ ಹೊಳಪು ಕೊಟ್ಟು ಒಪ್ಪಿಸಿದ್ದರೆ ಮೇಲಿನ ದರ್ಜೆ ಬರುತ್ತಿತ್ತೆಂದು ಅವಳ ಸ್ನೇಹಿತೆಯರು ಹೇಳಿದರಂತೆ. ಬಂದಿರಬಹುದು. ಆದರೆ ಆ ಕೊನೆಯ ಪುಟವೇ ಇಡೀ ಪುಸ್ತಕದಲ್ಲಿ ಶ್ರೇಷ್ಠವೆಂದು ನಮ್ಮ ತೀರ್ಪು. ಮೂರನೆಯ ಸಲವಾದ್ದರಿಂದ ಸ್ವಲ್ಪ ಅಳುಕಿನಿಂದಲೇ ಇದನ್ನು ಹೇಳುತ್ತೇವೆ. ಆ ಕಲ್ಪನೆ ಸೋತಿತು, ನಿಜ. ಆದರೆ ಸೋತಾಗ ವ್ಯಾಪಾರಿ ಕಳೆದುಕೊಂಡದ್ದು ಏನೂ ಇಲ್ಲ. ಚಾದರವನ್ನು ತಿರುಗಿಸಿ ಹಾಸಿದ, ಅಷ್ಟೆ. ಚಾದರ ಚಾದರವಾಗಿಯೇ ಉಳಿಯಿತು. ತಂಬಿಗೆಗೆ ತಲೆಮಾರುಗಳು ಮಾಡಿದ ತಿರಸ್ಕಾರದ ಒಂದು ತುಣುಕನ್ನು ಹತ್ತು ದಿನದಲ್ಲಿ ಪಡೆಯುವ ದಾರಿ ಇದೇ: ಅಗ್ಗವಾಗಿ, ಬೇಗನೆ, ಬೇರೆಯವರ ಅನ್ನಕ್ಕೆ ಕೈಹಾಕದೆ ಸೋಲುವುದು; ಸೋತದ್ದನ್ನು ಹೇಳುವುದು. ಈಮ್ಸರ ವರದಿಯಲ್ಲಿ ನಮಗೆ ಸಿಗದ ಉತ್ತರ ಪಟರಿಯ ಮೇಲೆ ಸಿಕ್ಕಿತು.

ಆದ್ದರಿಂದ ವಿನ್ಯಾಸದ ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಸರಳವಾದದ್ದು. ಕೋಷ್ಟಕದಲ್ಲಿ ನವೀನತೆ ಇರಲಿ, ಸೌಂದರ್ಯವೂ ಇರಲಿ. ಅವಕ್ಕಿಂತ ಮೇಲೆ ಮೂರು ಸಾಲುಗಳಿಗೆ ಜಾಗ ಮಾಡಿ. ಈ ಕೆಲಸವನ್ನು ಈಗ ಯಾವುದು ಮಾಡುತ್ತಿದೆ? ಇದರಲ್ಲಿ ಯಾರ ಯಾರ ಹಿತ ಎದುರುಬದುರಾಗಿದೆ? ನಮ್ಮದು ಸೋತರೆ ಯಾರ ಮನೆಯಲ್ಲಿ ಆ ರಾತ್ರಿ ತೊಂದರೆಯಾಗುತ್ತದೆ? ಈ ಮೂರಕ್ಕೂ ಉತ್ತರ ಬರೆಯುವವರೆಗೆ ಅಂಕ ಹಾಕಬೇಡಿ. ಕಲ್ಪನೆಗಳು ಮೂವತ್ತಿದ್ದದ್ದು ಮೂರಾದೀತು, ಆಗಲಿ.

ಪರೀಕ್ಷಕರಿಗೂ ಒಂದು ಮಾತು. ಗೆದ್ದ ಕಲ್ಪನೆಗೆ ಮಾತ್ರ ಅಂಕ ಕೊಟ್ಟರೆ ಮಕ್ಕಳು ಸೋಲನ್ನು ಮಡಿಸಿ ಕೆಳಗೆ ಹಾಕುವುದನ್ನು ಕಲಿಯುತ್ತಾರೆ. ಪ್ಲೇಪಂಪಿನಂಥವು ಹುಟ್ಟುವುದು ಅಂಥ ತರಗತಿಗಳಲ್ಲೇ.

ಕೊನೆಯದಾಗಿ, ಸಂಘದ ತಂದೆತಾಯಂದಿರಿಗೆ. ನಮ್ಮ ಮಕ್ಕಳು ಇಂಜಿನಿಯರಿಂಗ್, ಮೆಡಿಕಲ್ ಬಿಟ್ಟು ಈ ದಾರಿ ಹಿಡಿದಾಗ ನಾವು ಕಳವಳಪಡುತ್ತೇವೆ, ಆಮೇಲೆ "ಎಷ್ಟು ಅಂಕ ಬಂತು?" ಎಂದು ಕೇಳಿ ಸುಮ್ಮನಾಗುತ್ತೇವೆ. ಇನ್ನು ಮುಂದೆ "ಯಾರನ್ನು ಕೇಳಿದೆ?" ಎಂದು ಕೇಳೋಣ. ಆ ಹುಡುಗಿಯ ತಾತ ಮೂವತ್ತು ವರ್ಷ ಬಾಳಿದ ಕ್ವಾರ್ಟರು ಈಗಿಲ್ಲ. ಅವರು ತರಕಾರಿ ತರುತ್ತಿದ್ದ ಬೀದಿಯಲ್ಲಿ ಅವಳು ನಾಲ್ಕು ದಿನ ನೆಲದ ಮೇಲೆ ಕುಳಿತು ಬಂದಳು. ಅವರು ಮೊನ್ನೆ ಸಂಘದಲ್ಲಿ ಸಿಕ್ಕಾಗ, ಮೊಮ್ಮಗಳ ದರ್ಜೆಯ ಬಗ್ಗೆ ಏನೂ ಹೇಳಲಿಲ್ಲ. ಆ ವ್ಯಾಪಾರಿ ಈಗಲೂ ಅಲ್ಲೇ ಕೂರುತ್ತಾನೆ, ಇವಳು ಹೋದರೆ ಚಹ ಕುಡಿಸದೆ ಕಳಿಸುವುದಿಲ್ಲ ಎಂದಷ್ಟೇ ಹೇಳಿದರು.